ಪಿಯುಸಿ ಆಯ್ತು, ಮುಂದೆ ಕಾಲೇಜಾ ಆನ್‌ಲೈನಾ?

ಊರಿನ ಕಾಲೇಜಲ್ಲಿ ಬಿಸಿಎ ಮಾಡೋದಾ ಇಲ್ಲ ಐಐಟಿ ಮದ್ರಾಸಿನ ಆನ್‌ಲೈನ್ ಡೇಟಾ ಸೈನ್ಸ್ (ಮಾಹಿತಿ ರಾಶಿಯಿಂದ ಅರ್ಥ ಹೊರತೆಗೆಯೋ ವಿದ್ಯೆ) ಬಿಎಸ್ ಡಿಗ್ರಿ ಸೇರೋದಾ ಅಂತ ತಲೆ ಕೆಡಿಸ್ಕೊಂಡಿರೋರಿಗೆ ಇದು. 2020ರಲ್ಲಿ ಶುರುವಾದ ಈ ಕೋರ್ಸಿಗೆ ಜೆಇಇ ಬೇಡ, ಆದ್ರೆ ನಾಲ್ಕು ವಾರ ಪಾಠ ಕೇಳಿ ಅಸೈನ್‌ಮೆಂಟ್ ಮಾಡಿ ಕ್ವಾಲಿಫೈಯರ್ ಅನ್ನೋ ಅರ್ಹತಾ ಪರೀಕ್ಷೆ ಪಾಸಾಗ್ಬೇಕು, ವಿಡಿಯೋ ಮನೇಲೇ ನೋಡಿದ್ರೂ ಪರೀಕ್ಷೆಗೆ ಸೆಂಟರ್‌ಗೇ ಹೋಗ್ಬೇಕು, ಮ್ಯಾಥ್ಸ್ ವೀಕ್ ಇದ್ರೆ ಬೆವರಿಳಿಯತ್ತೆ. ನಡುವೆ ಬರೋ ಡಿಪ್ಲೊಮಾ ಹಂತ ಮುಗ್ಸಿ ಕೋರ್ಸ್ ಅಲ್ಲಿಗೇ ಬಿಟ್ರೂ ಡಿಪ್ಲೊಮಾ ಸರ್ಟಿಫಿಕೇಟ್ ಕೈಗೆ ಸಿಗತ್ತೆ, ಇದು ನಂಗೆ ತುಂಬಾ ಇಷ್ಟ.

ಕಾಲೇಜಲ್ಲಿ ಲ್ಯಾಬು, ಫ್ರೆಂಡ್ಸು, ಬೆನ್ನು ಹತ್ತಿ ಓದ್ಸೋ ಮೇಷ್ಟ್ರು (ಕ್ಯಾಂಟೀನೂ!). ಆನ್‌ಲೈನಲ್ಲಿ ಎಬ್ಬಿಸೋರು ಯಾರೂ ಇಲ್ಲ, ಸೋಮಾರಿಗಳು ಕಾಲೇಜಿಗೇ ಹೋಗಿ. ಕೆಲಸ ಮಾಡ್ತಾ ಬಿಕಾಂ ಬೇಕಂದ್ರೆ ಮೈಸೂರಿನ ಮುಕ್ತ ವಿವಿ ಸಾಕು. ಯುಜಿಸಿ (ವಿವಿಗಳ ಮೇಲೆ ಕಣ್ಣಿಡೋ ಕೇಂದ್ರ ಸಂಸ್ಥೆ) ಒಪ್ಪಿದ ಆನ್‌ಲೈನ್ ಡಿಗ್ರಿ ರೆಗ್ಯುಲರ್‌ಗೆ ಸಮಾನವೇ, ಸೇರೋ ಮುಂಚೆ ಯುಜಿಸಿ ಲಿಸ್ಟ್ ನೋಡ್ಕೊಳ್ಳಿ.