ಎಚ್‌ಡಿಆರ್ ಚಿತ್ರವನ್ನು ಪಿಜಿಎಂ ಮಾಡೋದಕ್ಕೆ ಯಾವುದು ಒಳ್ಳೇದು?

ಪಿಜಿಎಂಗಿಂತ ಸರಳವಾದ ಬೂದು (ಗ್ರೇ) ಚಿತ್ರದ ಫೈಲ್ ಸಿಗೋದು ಕಷ್ಟ. ಮೊದಲು ‘ಪಿ5’ ಅಂತ ಗುರುತು, ಆಮೇಲೆ ಅಗಲ, ಎತ್ತರ, ಗರಿಷ್ಠ ಬೆಲೆ. ಉಳಿದದ್ದೆಲ್ಲ ಪಿಕ್ಸೆಲ್‌ಗಳು. ಸಣ್ಣ ಸಿ ಪ್ರೋಗ್ರಾಂ ಬರೆದು ಓದಿಬಿಡಬಹುದು. ತಲೆನೋವು ಇರೋದು ಎಚ್‌ಡಿಆರ್ ಕಡೆ. ಕಡುಗತ್ತಲಿಂದ ಕಣ್ಣು ಕುಕ್ಕುವ ಬೆಳಕಿನ ತನಕ ಎಲ್ಲವನ್ನೂ ಹಿಡಿದಿಟ್ಟ ಚಿತ್ರ ಅದು. ಅಲ್ಲಿನ ಬೆಳಕನ್ನು 256 ಹಂತಕ್ಕೆ ಹೇಗೆ ಇಳಿಸೋದು?

ನಾನು ಪ್ರಯೋಗಕ್ಕೆ ಇಟ್ಟುಕೊಂಡದ್ದು ಸ್ಟ್ಯಾನ್‌ಫರ್ಡ್ ಮೆಮೋರಿಯಲ್ ಚರ್ಚ್‌ನ ಚಿತ್ರ. ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ಅವರ 1997ರ ಎಚ್‌ಡಿಆರ್ ಪ್ರಬಂಧದಿಂದ ಹೆಸರಾದದ್ದು. ಒಂದೆಡೆ ಉರಿಯುವ ಬಣ್ಣದ ಗಾಜು, ಇನ್ನೊಂದೆಡೆ ಕತ್ತಲ ಮೂಲೆ. ಪರೀಕ್ಷೆಗೆ ಇದಕ್ಕಿಂತ ಬೇಕಾ?

ಮೊದಲು ಇಮೇಜ್‌ಮ್ಯಾಜಿಕ್. ಚಿತ್ರಗಳನ್ನು ಬದಲಾಯಿಸೋ ಟೂಲ್ ಇದು. ಒಂದೇ ಸಾಲಿನ ಕಮಾಂಡು: ಕಲರ್‌ಸ್ಪೇಸ್ ಗ್ರೇ ಮಾಡು, ಆಟೋ-ಲೆವೆಲ್ ಹಾಕು, ಮುಗೀತು. ಆದರೆ ಆಟೋ-ಲೆವೆಲ್ ಮಾಡೋದು ನೇರ ಎಳೆತ ಮಾತ್ರ. ಗಾಜಿನ ಬೆಳಕು 1000 ಇದ್ದು ಬೆಂಚಿನದು 0.5 ಇದ್ದರೆ, 255ರ ಅಳತೆಯಲ್ಲಿ ಬೆಂಚಿಗೆ ಸಿಗೋದು 0.13, ಅಂದರೆ ಸೊನ್ನೆ. ಕಿಟಕಿ ಮಾತ್ರ ಕಾಣುತ್ತೆ, ಚರ್ಚ್ ಮಾಯ. ಬೆಳಕಿನ ಅಂತರ ಕಡಿಮೆ ಇರುವ ಚಿತ್ರಕ್ಕೆ ಧಾರಾಳವಾಗಿ ಬಳಸಿ, ಇಂಥದ್ದಕ್ಕೆ ಬೇಡ.

ರೇಡಿಯನ್ಸ್ ಅನ್ನೋ ಬೆಳಕಿನ ಲೆಕ್ಕಾಚಾರದ ಪ್ಯಾಕೇಜಿನ ಎರಡು ಪ್ರೋಗ್ರಾಂಗಳ ಜೋಡಿ ನನಗೆ ಇಷ್ಟವಾಯ್ತು. ‘ಪಿಕಾಂಡ್’ ಬೆಳಕನ್ನು ಹದ ಮಾಡುತ್ತೆ, ‘ಆರ್‌ಎ_ಪಿಪಿಎಂ’ ಅದನ್ನು ‘-ಬಿ’ ಆಯ್ಕೆಯಲ್ಲಿ ಬೂದು ಮಾಡಿ ಕೊಡುತ್ತೆ. ‘.ಎಚ್‌ಡಿಆರ್’ ಫೈಲ್ ಹುಟ್ಟಿದ್ದೇ ಗ್ರೆಗ್ ವಾರ್ಡ್ ಅವರ ಈ ರೇಡಿಯನ್ಸ್‌ನಲ್ಲಿ, ಹಾಗಾಗಿ ಓದೋದರಲ್ಲಿ ತಕರಾರೇ ಇಲ್ಲ. ಬೆಂಚೂ ಕಾಣುತ್ತೆ, ಗಾಜಿನ ಗೆರೆಗಳೂ ಉಳಿಯುತ್ತವೆ. ಒಂದೇ ಕೊರತೆ ಅಂದರೆ ಇದಕ್ಕೋಸ್ಕರ ಇಡೀ ಪ್ಯಾಕೇಜ್ ಹಾಕಿಕೊಳ್ಳಬೇಕು.

ಪೈಥಾನ್‌ನವರು ಓಪನ್‌ಸಿವಿ ಅನ್ನೋ ಚಿತ್ರ ಸಂಸ್ಕರಣೆಯ ಲೈಬ್ರರಿ ಕಡೆಗೇ ಹೋಗೋದು. ಡ್ರಾಗೊ, ರೈನ್‌ಹಾರ್ಡ್, ಮಂಟಿಯುಕ್, ಮೂರೂ ಟೋನ್‌ಮ್ಯಾಪ್‌ಗಳು (ಬೆಳಕಿನ ದೊಡ್ಡ ಅಂತರವನ್ನು ಕುಗ್ಗಿಸೋ ವಿಧಾನಗಳು) ಅಲ್ಲಿ ರೆಡಿ ಇವೆ. ಆದರೆ ಇವು ಕೆಂಪು, ಹಸಿರು, ನೀಲಿ ಅಂತ ಮೂರು ಚಾನೆಲ್ ಇರುವ ಚಿತ್ರವನ್ನೇ ಕೇಳುತ್ತವೆ. ಹಾಗಾಗಿ ಜನ ಮೊದಲು ಬಣ್ಣದಲ್ಲೇ ಟೋನ್ ಇಳಿಸಿ, ಆಮೇಲೆ ಬೂದು ಮಾಡುತ್ತಾರೆ. ಈ ಕ್ರಮದಲ್ಲೇ ಎಡವಟ್ಟಾಗಬಹುದು. ಒಂದು ಕೆಂಪು ಗಾಜಿನ ಪಿಕ್ಸೆಲ್ ತಗೊಳ್ಳಿ: ಕೆಂಪು 40, ಹಸಿರು 1, ನೀಲಿ 1. ಮೊದಲೇ ಬೂದು ಮಾಡಿದರೆ (0.2126, 0.7152, 0.0722 ತೂಕದಲ್ಲಿ) ಬೆಳಕು ಸುಮಾರು 9.3. ಅದನ್ನು ‘ಎಲ್ ಭಾಗಿಸು 1+ಎಲ್’ ಸೂತ್ರಕ್ಕೆ (ಎಲ್ ಅಂದರೆ ಬೆಳಕು) ಹಾಕಿದರೆ 255ರ ಅಳತೆಯಲ್ಲಿ 230. ಅದೇ ಸೂತ್ರವನ್ನು ಚಾನೆಲ್‌ಗೊಂದರಂತೆ ಹಾಕಿ, ಕೊನೆಗೆ ಅದೇ ತೂಕದಲ್ಲಿ ಕೂಡಿಸಿದರೆ 153. ಅಷ್ಟೇ ಬೆಳಕಿನ ಬಿಳಿ ಗೋಡೆ ಪಕ್ಕದಲ್ಲಿದ್ದರೆ ಅದು ಮಾತ್ರ 230ರಲ್ಲೇ ಇರುತ್ತೆ, ಗಾಜು ಸುಮ್ನೆ ಮಂಕಾಗುತ್ತೆ. ಉಪಾಯ ಇದೆ: ಬೂದು ಚಿತ್ರವನ್ನೇ ಮೂರು ಪದರ ಜೋಡಿಸಿ ಟೋನ್‌ಮ್ಯಾಪ್‌ಗೆ ಕೊಡಿ. ಇನ್ನೊಂದು ಮಾತು, ಓಪನ್‌ಸಿವಿಯ ಗ್ರೇ ಪರಿವರ್ತನೆ ಬಳಸೋದು 0.299, 0.587, 0.114 ತೂಕ. ಹಳೇ ಟಿವಿ ಕಾಲದ್ದು. ಎರಡು ಟೂಲ್‌ಗಳ ಫಲಿತಾಂಶ ತಾಳೆಯಾಗದಿದ್ದರೆ ಮೊದಲು ಇದನ್ನು ನೋಡಿ.

ಅಷ್ಟೆಲ್ಲ ಸರ್ಕಸ್ ಮಾಡೋ ಬದಲು ಪೈಥಾನ್‌ನ ಲೆಕ್ಕದ ಲೈಬ್ರರಿ ನಂಪೈನಲ್ಲೇ ಬರೆಯಬಹುದು, ನಾನೀಗ ಮಾಡೋದೂ ಅದನ್ನೇ. ತೂಕ ಹಾಕಿ ಬೂದು ಮಾಡು, ಲಾಗ್ ಸರಾಸರಿಯಿಂದ (ಲಾಗ್‌ಗಳ ಸರಾಸರಿ ತೆಗೆದು ಮತ್ತೆ ಬೆಳಕಿನ ಅಳತೆಗೆ ತಂದದ್ದು) ಭಾಗಿಸಿ 0.18ರಿಂದ ಗುಣಿಸು, ಮೇಲಿನ ಸೂತ್ರ ಹಾಕು, ಕೊನೆಗೆ ಪರದೆಗೆ ತಕ್ಕಂತೆ ಹೊಳಪು ತಿದ್ದುವ ಗಾಮಾ. ಲಾಗ್ ತೆಗೆಯುವ ಮುಂಚೆ ಒಂದು ಚೂರು ಸಂಖ್ಯೆ ಕೂಡಿಸಿ, ಇಲ್ಲದಿದ್ದರೆ ಸೊನ್ನೆ ಪಿಕ್ಸೆಲ್ ಒಂದೇ ಸಾಕು ಲೆಕ್ಕ ಕೆಡೋದಕ್ಕೆ. ಚಿತ್ರ ಮನುಷ್ಯರ ಕಣ್ಣಿಗೆ ಅಲ್ಲ, ಮುಂದಿನ ಪ್ರೋಗ್ರಾಂಗೆ ಅಂತಾದರೆ 8 ಬಿಟ್ ಬಿಟ್ಟುಬಿಡಿ. ಪಿಜಿಎಂ 65535 ತನಕ ಹಿಡಿಸುತ್ತೆ. 0.01ರಿಂದ 1000ದವರೆಗಿನ ಬೆಳಕನ್ನು ಲಾಗ್‌ನಲ್ಲಿ ಹರಡಿದರೆ ಪ್ರತಿ ಹತ್ತುಪಟ್ಟಿಗೂ 13107 ಹಂತ ಸಿಗುತ್ತೆ. ಬರೆಯುವಾಗ ದೊಡ್ಡ ಬೈಟ್ ಮೊದಲು ಬರಲಿ. ನಮ್ಮ ಲ್ಯಾಪ್‌ಟಾಪ್‌ಗಳ ಕ್ರಮ ಅದಕ್ಕೆ ಉಲ್ಟಾ, ಹಾಗೇ ಬರೆದರೆ ಚರ್ಚ್ ಬದಲು ಕೆಟ್ಟುಹೋದ ಟಿವಿಯ ಚುಕ್ಕೆಗಳು ಕಾಣುತ್ತವೆ.