ಮಲೆನಾಡಿನ ಮಳೆಗೆ ಕೋರ್ಸೇರ್ 4000ಡಿ ಏರ್‌ಫ್ಲೋ ಕ್ಯಾಬಿನೆಟ್

ಚಿಕ್ಕಮಗಳೂರಿನ ಮಳೆಗಾಲದಲ್ಲಿ ಕಂಪ್ಯೂಟರ್‌ಗೆ ಕಾಟ ಕೊಡುವುದು ಸೆಕೆಯಲ್ಲ, ಥಂಡಿ ಹಿಡಿದ ದೂಳು. ಫಿಲ್ಟರ್ ಮೇಲೆ ಕಂಬಳಿ ಹಾಸಿದ ಹಾಗೆ ಕೂರುತ್ತೆ. ಆ ಲೆಕ್ಕದಲ್ಲಿ ಈ ಕ್ಯಾಬಿನೆಟ್, ಅಂದರೆ ಕಂಪ್ಯೂಟರಿನ ಭಾಗಗಳನ್ನು ಕೂರಿಸುವ ಪೆಟ್ಟಿಗೆ, ಒಳ್ಳೆ ಆಯ್ಕೆ. ಮುಂದಿನ ಜಾಲರಿ, ಅದರ ಹಿಂದಿನ ಫಿಲ್ಟರ್ ಎರಡೂ ಕೈಯಲ್ಲೇ ಬಿಚ್ಚಿಬರುತ್ತವೆ. ತೊಳೆದ ಮೇಲೆ ಪೂರ್ತಿ ಒಣಗಿಸಿಯೇ ಹಾಕಿ. ಜುಲೈಯಲ್ಲಿ ಅದಕ್ಕೆ ಎರಡು ದಿನವಾದರೂ ಬೇಕು.

ಜೊತೆಗೆ ಬರುವುದು 120 ಮಿ.ಮೀ.ನ ಎರಡೇ ಫ್ಯಾನ್, ಜಿಪುಣತನ! ಮುಂಬದಿಯಲ್ಲಿ ಇನ್ನೆರಡು ಸೇರಿಸಿ. ಮೂರು ಒಳಗೆಳೆದು ಒಂದು ಹೊರಹಾಕಿದರೆ ಒಳಗಿನ ಒತ್ತಡ ತುಸು ಹೆಚ್ಚಿ, ಸಂದಿಗಳಿಂದ ದೂಳು ನುಗ್ಗುವುದು ಕಡಿಮೆ. ಫ್ಯಾನಿನ ಚೌಕಟ್ಟಿನ ಕಡ್ಡಿಗಳು ಕಾಣುವ ಬದಿಯಿಂದಲೇ ಗಾಳಿ ಹೊರಬರುವುದು. ಇದನ್ನು ನೋಡದೆ ಉಲ್ಟಾ ಕೂರಿಸುವುದುಂಟು. 170 ಮಿ.ಮೀ. ಎತ್ತರದವರೆಗಿನ ಸಿಪಿಯು ಕೂಲರ್ (ಪ್ರೊಸೆಸರ್ ತಣ್ಣಗಿಡುವ ಸಾಧನ) ಹಿಡಿಸುತ್ತೆ. ಹಿಂಬದಿಯನ್ನು ಗೋಡೆಗೆ ಒತ್ತಿಡಬೇಡಿ, ಒಂದು ಗೇಣು ಜಾಗ ಬಿಡಿ.