ಕ್ಯಾಮೆರಾಗೆ ಪ್ಲಸ್ ಎಂಟರ ಚಾಳೀಸು

ನಲವತ್ತೆಂಟಕ್ಕೆ ನನಗೆ ಚಾಳೀಸು ಬಂತು. ಮೋಟರ್ ರಿವೈಂಡಿಂಗ್ ಮಾಡೋನಿಗೆ ಇದು ಸಣ್ಣ ವಿಷಯ ಅಲ್ಲ. ಸೀಲಿಂಗ್ ಫ್ಯಾನಿನ 36 ಗೇಜ್ ತಂತಿಯಲ್ಲಿ ಎನಾಮಲ್ ಎಲ್ಲಿ ಕಿತ್ತಿದೆ ಅಂತ ಬರಿಗಣ್ಣಲ್ಲಿ ಹಿಡೀತಿದ್ದೋನು, ಪ್ಲಸ್ ಒಂದೂವರೆಯ ಕನ್ನಡಕ ಮೂಗಿಗೇರಿಸಿಕೊಂಡು ಕೂರುವ ಹಾಗಾಯ್ತು. ಅದೇ ಹೊತ್ತಿಗೆ ಮಗಳು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದಳು. ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದ ಕ್ಯಾನನ್ 1500ಡಿ ಕ್ಯಾಮೆರಾ, ಜೊತೆಗೊಂದು 55-250 ಜೂಮ್ ಲೆನ್ಸು ಮನೆಯಲ್ಲೇ ಉಳಿದವು. ಚಿತ್ರದುರ್ಗದಲ್ಲಿ ಕ್ಯಾಮೆರಾ ಇದ್ದೋರು ಕೋಟೆ ಹತ್ತುತ್ತಾರೆ. ನಾನು ಇರುವೆ ಹಿಂದೆ ಬಿದ್ದೆ.

ಈಗ ಹೇಳಹೊರಟಿದ್ದು ಆ ಕ್ಯಾಮೆರಾಗೆ ಹಾಕಿಸಿದ ಚಾಳೀಸಿನ ವಿಚಾರ, ಅಂದ್ರೆ ಲೆನ್ಸಿನ ಮುಂದೆ ಸಿಕ್ಕಿಸಿದರೆ ಸಣ್ಣ ಹುಳವನ್ನ ದೊಡ್ಡದಾಗಿ ತೋರಿಸೋ ಇನ್ನೊಂದು ಲೆನ್ಸು. ಹೆಸರು ರೇನಾಕ್ಸ್ ಡಿಸಿಆರ್-250. ಜಪಾನಿನದ್ದು. ಪವರ್ ಪ್ಲಸ್ ಎಂಟು.

ಇದಕ್ಕೆ ಬರೋ ಮುಂಚೆ ಎರಡು ಸಲ ದುಡ್ಡು ಕಳೆದೆ. ಮೊದಲು ತಗೊಂಡಿದ್ದು ಒಂದು, ಎರಡು, ನಾಲ್ಕು, ಹತ್ತು ಅಂತ ಪವರ್ ಬರೆದ ನಾಲ್ಕು ಗಾಜಿನ ಸೆಟ್ಟು. ಕಂಪನಿ ಹೆಸರು ಬೇಡ. ಹತ್ತರ ಗಾಜು ಹಾಕಿ ತುಂಬೆ ಹೂವಿನ ಫೋಟೊ ತೆಗೆದರೆ ಬಿಳಿ ದಳದ ಅಂಚಿಗೆಲ್ಲ ನೇರಳೆ ಗೀರು, ಧರ್ಮಸ್ಥಳದ ಬಸ್ಸಿನ ಸೀರಿಯಲ್ ಲೈಟು ಸುತ್ತಿದ ಹಾಗೆ. ಒಂದೇ ಗಾಜಿನ ಲೆನ್ಸು ಬಣ್ಣಗಳನ್ನೆಲ್ಲ ಒಂದೇ ಕಡೆ ಕೂಡಿಸೋದಿಲ್ಲ. ಎರಡನೇದು ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂರಿಸುವ ಟೊಳ್ಳು ಬಳೆಗಳು, ಎಕ್ಸ್‌ಟೆನ್ಷನ್ ಟ್ಯೂಬು. ಅಗ್ಗದ್ದು ಅಂತ ತಗೊಂಡೆ. ಒಳಗೆ ಕರೆಂಟಿನ ಕಾಂಟ್ಯಾಕ್ಟೇ ಇರಲಿಲ್ಲ. ಕ್ಯಾಮೆರಾ ಹೇಳಿದ್ದು ಲೆನ್ಸಿಗೆ ಕೇಳಿಸೋದಿಲ್ಲ, ಬೆಳಕು ಬಿಡೋ ಕಿಂಡಿ, ಅದೇ ಅಪರ್ಚರ್, ಪೂರ್ತಿ ತೆರೆದೇ ಇರುತ್ತೆ. ಕಾಂಟ್ಯಾಕ್ಟ್ ಇಲ್ಲದ ಸ್ಟಾರ್ಟರ್ ಯಾರಾದರೂ ತಗೋತಾರಾ? ನಾನು ತಗೊಂಡೆ. ಕಾಂಟ್ಯಾಕ್ಟ್ ಇರೋ ಟ್ಯೂಬುಗಳು ಚೆನ್ನಾಗೇ ಕೆಲಸ ಮಾಡ್ತವೆ, ಅದು ಬೇರೆ ಮಾತು.

ಸಣ್ಣದನ್ನ ದೊಡ್ಡದಾಗಿ ತೆಗೆಯೋಕೆ ಅಂತಲೇ ಮಾಡಿದ ಅಸಲಿ ಮ್ಯಾಕ್ರೋ ಲೆನ್ಸು, ನಾನು ನೋಡಿದ್ದಕ್ಕೆ ಐವತ್ತು ಸಾವಿರದ ಮೇಲೆ ಬೇಕಿತ್ತು. ಆ ದುಡ್ಡಿಗೆ ನಾನು ಎಷ್ಟು ಬೋರ್‌ವೆಲ್ ಮೋಟರ್ ಸುತ್ತಬೇಕು ಅನ್ನೋ ಲೆಕ್ಕ ಮನೆಯವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಹಂಗಾಗಿ ರೇನಾಕ್ಸ್. ದಾವಣಗೆರೆಗೆ ಹೋದಾಗ ಒಂದು ಕ್ಯಾಮೆರಾ ಅಂಗಡಿಯಲ್ಲಿ ಕೇಳಿದೆ. ಮದುವೆ ಆಲ್ಬಮ್ಮಿನ ಸ್ಯಾಂಪಲ್ ತೋರಿಸಿದರು. ಕೊನೆಗೆ ಆನ್‌ಲೈನಲ್ಲಿ ಏಳು ಸಾವಿರ ಚಿಲ್ಲರೆಗೆ ತರಿಸಿದೆ.

ಡಬ್ಬಿಯಲ್ಲಿ ಬರೋದು ಎರಡು ವಸ್ತು. ಅಂಗೈಲಿ ಮುಚ್ಚಿ ಹೋಗುವಷ್ಟು ಸಣ್ಣ ಲೆನ್ಸು, ಒಳಗೆ ಮೂರು ಗಾಜು. ಇನ್ನೊಂದು, ಎರಡೂ ಕಡೆ ಸ್ಪ್ರಿಂಗ್ ಇರೋ ಪ್ಲಾಸ್ಟಿಕ್ ಅಡಾಪ್ಟರ್. ಲೆನ್ಸಿನ ಮುಚ್ಚಳ ಹಾಕೋ ಹಾಗೆ ಎರಡು ಕಿವಿ ಒತ್ತಿ ಸಿಕ್ಕಿಸಿದರೆ ಮುಗೀತು. 52ರಿಂದ 67 ಮಿಲಿಮೀಟರ್ ಬಾಯಿಯ ಲೆನ್ಸಿಗೆಲ್ಲ ಕೂರುತ್ತೆ. ನನ್ನದು 58.

ಲೆಕ್ಕ ಸುಲಭ. ಸಾವಿರವನ್ನ ಪವರ್ ಎಂಟರಿಂದ ಭಾಗಿಸಿ, 125 ಮಿಲಿಮೀಟರ್, ಅದು ರೇನಾಕ್ಸಿನ ಫೋಕಲ್ ಲೆಂತ್. ಜೂಮನ್ನು 250ಕ್ಕೆ ಎಳೆದು ಫೋಕಸ್ ಅನಂತಕ್ಕೆ ಇಟ್ಟರೆ 250 ಭಾಗಿಸು 125, ಅಂದ್ರೆ ಹುಳ ಇರೋದಕ್ಕಿಂತ ಎರಡು ಪಟ್ಟು ದೊಡ್ಡದಾಗಿ ಕ್ಯಾಮೆರಾದೊಳಗೆ ಚಿತ್ರ ಹಿಡಿಯೋ ಸೆನ್ಸರ್ ಮೇಲೆ ಬೀಳುತ್ತೆ. ನನ್ನ ಕ್ಯಾಮೆರಾದ ಸೆನ್ಸರ್ ಅಗಲ 22 ಮಿಲಿಮೀಟರ್ ಚಿಲ್ಲರೆ. ಎರಡು ಅಕ್ಕಿ ಕಾಳನ್ನ ಉದ್ದಕ್ಕೆ ಇಟ್ಟರೆ ಫೋಟೊ ತುಂಬಿ ಹೋಯ್ತು. ಹುಳಕ್ಕೂ ಲೆನ್ಸಿಗೂ ಹನ್ನೆರಡು ಸೆಂಟಿಮೀಟರ್ ಆಸುಪಾಸು ಅಂತರ ಸಿಗುತ್ತೆ, ಒಂದು ಗೇಣಿಗಿಂತ ಕಡಿಮೆ. 18-55 ಕಿಟ್ ಲೆನ್ಸಿಗೆ ಹಾಕೋಕೆ ಹೋಗಬೇಡಿ. 18ರಲ್ಲಿ ಸುತ್ತ ಕಪ್ಪು ಬಂದು ಬಾವಿಯೊಳಗಿಂದ ನೋಡಿದ ಹಾಗಿರುತ್ತೆ.

ಮೊದಲ ವಾರ ಒಂದು ಫೋಟೊನೂ ಸರಿ ಬರಲಿಲ್ಲ. ಆಟೋ ಫೋಕಸ್ ಒತ್ತಿದರೆ ಲೆನ್ಸು ಹಿಂದೆ ಮುಂದೆ ಹೋಗಿ ಒದ್ದಾಡುತ್ತೆ. ಅದನ್ನ ಆಫ್ ಮಾಡಿ, ಉಸಿರು ಹಿಡಿದು, ಇಡೀ ಮೈಯನ್ನೇ ಕೂದಲೆಳೆಯಷ್ಟು ಮುಂದೆ ಹಿಂದೆ ತೂಗಬೇಕು. ಯಾಕೆ ಅಂದ್ರೆ ಅಪರ್ಚರ್ ಕಿರಿದು ಮಾಡಿ ಎಫ್ 11ಕ್ಕೆ ಇಟ್ಟರೂ ಚೂಪಾಗಿ ಬರೋದು 0.1ರಿಂದ 0.2 ಮಿಲಿಮೀಟರ್ ಆಳ ಮಾತ್ರ. ನಮ್ಮ ಭಾಷೆಯಲ್ಲಿ ಹೆಚ್ಚೆಂದರೆ 36 ಗೇಜ್ ತಂತಿಯ ದಪ್ಪ. ಇರುವೆಯ ಕಣ್ಣು ಸಿಕ್ಕರೆ ಮೀಸೆ ಮಸುಕು, ಮೀಸೆ ಸಿಕ್ಕರೆ ಕಣ್ಣು ಮಸುಕು. ಇದು ಈ ಲೆನ್ಸಿನ ದೋಷ ಅಲ್ಲ. ಐವತ್ತು ಸಾವಿರದ್ದಕ್ಕೂ ಎರಡು ಪಟ್ಟಿಗೆ ಆಳ ಹೀಗೇ ಕಡಿಮೆ.

ಅದಕ್ಕಿಂತ ದೊಡ್ಡ ಶತ್ರು ದುರ್ಗದ ಗಾಳಿ. ಊರಿನ ಮಂದಿಗೆ ಹೇಳಬೇಕಾಗಿಲ್ಲ. ಆಷಾಢದಲ್ಲಿ ಒಣಗಿ ಹಾಕಿದ ಪಂಚೆ ಪಕ್ಕದ ಬೀದೀಲಿ ಸಿಗುತ್ತೆ. 36 ಗೇಜ್ ಆಳದಲ್ಲಿ ಕೆಲಸ ಮಾಡುವಾಗ ಒಂದು ಎಲೆ ಅಲ್ಲಾಡಿದರೆ ಭೂಕಂಪ. ಈಗ ಬೆಳಿಗ್ಗೆ ಎದ್ದ ಕೂಡಲೇ ತಾರಸಿ ಹತ್ತಿ ಜೋಗಿಮಟ್ಟಿ ಕಡೆ ಗುಡ್ಡದ ಮೇಲಿನ ಗಾಳಿ ಫ್ಯಾನು ನೋಡ್ತೀನಿ. ತಿರುಗ್ತಾ ಇದ್ದರೆ ಸೀದಾ ಅಂಗಡಿ. ನಿಂತಿದ್ದರೆ ಕ್ಯಾಮೆರಾ ಚೀಲ ಹೆಗಲಿಗೆ. ಕರೆಂಟಿನವರಿಗೆ ಲಾಸ್ ಆದ ದಿನ ನನಗೆ ಲಾಭ.

ಉಳಿದ ಗಾಳಿಗೆ ಮದ್ದು ಫ್ಲ್ಯಾಶು. ಕ್ಯಾಮೆರಾ ಮೇಲೆ ಎದ್ದು ನಿಲ್ಲೋ ಸಣ್ಣ ಫ್ಲ್ಯಾಶು ಉಪಯೋಗಕ್ಕೆ ಬರಲ್ಲ, ಲೆನ್ಸಿನ ನೆರಳೇ ಹುಳದ ಮೇಲೆ ಬೀಳುತ್ತೆ. ಹಳೇದೊಂದು ಬೇರೆ ಫ್ಲ್ಯಾಶ್ ತಗೊಂಡು, ಬಿಳಿ ಮೊಸರಿನ ಡಬ್ಬಿಯ ತಳ ಕತ್ತರಿಸಿ ಬಟರ್ ಪೇಪರ್ ಅಂಟಿಸಿ ಅದರ ಬಾಯಿಗೆ ಹಾಕಿದೆ. ಪವರ್ ಹದಿನಾರರಲ್ಲೊಂದು ಭಾಗ, ಷಟರ್ 1/200, ಐಎಸ್‌ಒ 200. ಕಡಿಮೆ ಪವರಲ್ಲಿ ಫ್ಲ್ಯಾಶ್ ಮಿಂಚೋದು ಸೆಕೆಂಡಿನ ಸಾವಿರಾರು ಭಾಗದಲ್ಲೊಂದು ಭಾಗ ಮಾತ್ರ, ಅಷ್ಟರಲ್ಲಿ ಎಲೆಗೆ ಅಲ್ಲಾಡೋಕೆ ಪುರಸೊತ್ತೇ ಇರಲ್ಲ. ಡಬ್ಬಿ ಇಲ್ಲದೆ ಹೊಡೆದರೆ ಜೀರುಂಡೆ ಬೆನ್ನು ಸ್ಟೀಲ್ ಪಾತ್ರೆ ಹಾಗೆ ಹೊಳೆಯುತ್ತೆ. ಮೊಸರಿನ ಡಬ್ಬಿಗೆ ನನ್ನ ಕಡೆಯಿಂದ ಐದಕ್ಕೆ ಐದು.

ಸರಿ, ಇಷ್ಟೆಲ್ಲ ಮಾಡಿ ಕಂಡಿದ್ದೇನು?

ಮೆದೇಹಳ್ಳಿ ರಸ್ತೆ ಕಡೆ ಖಾಲಿ ಸೈಟೊಂದರಲ್ಲಿ ಎಕ್ಕದ ಗಿಡ ಇದೆ. ಶನಿವಾರ ಹನುಮಪ್ಪನಿಗೆ ಹಾರ ಮಾಡೋಕೆ ಹೂ ಕೀಳೋರು ಬರ್ತಾರೆ, ಬೇರೆ ಯಾರೂ ಅದನ್ನ ನೋಡಲ್ಲ. ಎಳೆ ಕುಡಿಗೆಲ್ಲ ಅರಿಶಿನ ಪುಡಿ ಉದುರಿಸಿದ ಹಾಗೆ ಗಿಡಹೇನು ಮೆತ್ತಿಕೊಂಡಿತ್ತು. ಬರಿಗಣ್ಣಿಗೆ ಪುಡಿಯೇ. ರೇನಾಕ್ಸ್ ಹಾಕಿ ನೋಡಿದರೆ ಒಂದೊಂದೂ ಹಳದಿ ಗಡಿಗೆ, ಕರಿ ಕಾಲು, ಹಿಂಭಾಗದಲ್ಲಿ ಕರೀ ಕೊಳವೆ ಎರಡು. ಎಲ್ಲವೂ ತಲೆ ತಗ್ಗಿಸಿ ಕುಡಿಗೆ ಮೂತಿ ಚುಚ್ಚಿ ನಿಂತಿವೆ, ಸಂತೆ ದಿನ ನಲ್ಲಿ ಮುಂದೆ ನಿಂತ ಹಾಗೆ. ಅದರಲ್ಲೊಂದರ ಹಿಂದೆ ಏನೋ ಅಂಟಿಕೊಂಡಿತ್ತು, ಕಸ ಅಂದುಕೊಂಡೆ. ಕಸಕ್ಕೆ ಕಾಲು ಬಂತು! ಮರಿ ಹಾಕ್ತಾ ಇತ್ತು. ಗಿಡಹೇನು ಗಂಡಿನ ಹಂಗಿಲ್ಲದೆ, ಮೊಟ್ಟೆ ಇಡದೆ ನೇರ ಮರಿ ಹಾಕುತ್ತೆ ಅಂತ ಪಿಯುಸಿಯಲ್ಲಿ ಓದಿದ್ದು ನೆನಪಿತ್ತು. ಕಾಲು ಮೊದಲು, ತಲೆ ಕೊನೆಗೆ ಬರುತ್ತೆ ಅನ್ನೋದು ಅವತ್ತು ಕಂಡಿದ್ದು. ಗಾಜಿನ ಹಾಗಿದ್ದ ಮರಿ ಗಾಳಿಯಲ್ಲಿ ಕಾಲು ಬಡಿದು ಬಡಿದು ಕೊನೆಗೆ ಕುಡಿ ಹಿಡೀತು. ತಾಯಿ ಮೂತಿ ಕಿತ್ತಿರಲೇ ಇಲ್ಲ, ರಸ ಹೀರೋದು ನಡೆದೇ ಇತ್ತು. ಆ ಸಾಲಿನ ಕೆಳಗಿಂದ ಗುಲಗಂಜಿ ಹುಳವೊಂದು ಒಂದೊಂದನ್ನೇ ಹಿಡಿದು ತಿನ್ನುತ್ತಾ ಮೇಲೆ ಬರ್ತಿತ್ತು. ಪಕ್ಕದಲ್ಲಿದ್ದೋನು ಮಾಯವಾದರೂ ಇನ್ನೊಂದಕ್ಕೆ ಪರಿವೆಯಿಲ್ಲ.

ನಲವತ್ತು ನಿಮಿಷ ಕೂತಿದ್ದೆ. ಅಂಗಡಿ ಹುಡುಗ ಮೂರು ಸಲ ಫೋನ್ ಮಾಡಿದ. ಹಿರಿಯೂರು ಕಡೆಯ ರೈತರೊಬ್ಬರು ಸುಟ್ಟ ಮೋಟರ್ ಇಳಿಸಿಕೊಂಡು ಕಾಯ್ತಿದ್ದರಂತೆ.

ಅದೇ ಗಿಡದಲ್ಲಿ ಎಕ್ಕದ ಮಿಡತೆಯ ಮರಿಗಳೂ ಇದ್ದವು, ಹಳದಿ ಮೈಗೆ ಕರಿ ಗೆರೆ, ಕೆಂಪು ಚುಕ್ಕಿ. ಹನ್ನೆರಡು ಸೆಂಟಿಮೀಟರ್ ಹತ್ತಿರ ಹೋದೆನಲ್ಲ, ಒಂದಕ್ಕೆ ಸಿಟ್ಟು ಬಂದು ಬೆನ್ನಿನಿಂದ ಪಿಚಕಾರಿ ಹೊಡೀತು. ಎಕ್ಕದ ವಿಷ ತಿಂದು ಬೆಳೆದ ಹುಳ, ಅದರ ರಸವೂ ಹಾಗೇ. ಲೆನ್ಸಿಗೆ ಬಿತ್ತು, ಕಣ್ಣಿಗೆ ಬೀಳಲಿಲ್ಲ. ರೇನಾಕ್ಸ್ ಮುಂದೆ 49 ಮಿಲಿಮೀಟರ್ ಥ್ರೆಡ್ ಇದೆ. ಅದಕ್ಕೊಂದು ಸಾದಾ ಗಾಜಿನ ಫಿಲ್ಟರ್ ಹಾಕಿಟ್ಟುಕೊಳ್ಳಿ. ನಾನು ಮಾರನೇ ದಿನ ಹಾಕಿದೆ.

ಇನ್ನೊಂದು ಎಡವಟ್ಟು ಪೂರ್ತಿ ನನ್ನದೇ. ಚಂದ್ರವಳ್ಳಿ ಕೆರೆ ಹತ್ತಿರ ಏರೋಪ್ಲೇನ್ ಚಿಟ್ಟೆ ನೋಡಿ ಅವಸರದಲ್ಲಿ ಸಿಕ್ಕಿಸುವಾಗ ಒಂದು ಕಿವಿ ಕೂತಿತ್ತು, ಇನ್ನೊಂದು ಕೂತಿರಲಿಲ್ಲ. ಬಗ್ಗಿದೆ, ಲೆನ್ಸು ಬಂಡೆ ಮೇಲೆ ಟಣ್ ಅಂತು. ಗಾಜು ಉಳೀತು, ಅಂಚಿಗೆ ಗಾಯ. ಆಮೇಲೆ ಪಕ್ಕದ ಲೇತ್ ಅಂಗಡಿಯವನ ಹತ್ತಿರ 58ರಿಂದ ರೇನಾಕ್ಸಿನ ಹಿಂದಿನ 43ರ ಥ್ರೆಡ್ಡಿಗೆ ಇಳಿಯೋ ಬಳೆ ಮಾಡಿಸಿದೆ, ಎರಡೂ ಕಡೆ 0.75 ಪಿಚ್. ಅವನು ಅರ್ಧ ದಿನ ಒದ್ದಾಡಿ ಕೊಟ್ಟ. ಸ್ಟೆಪ್ ಡೌನ್ ರಿಂಗ್ ಅಂತ ಇನ್ನೂರು ಮುನ್ನೂರಕ್ಕೆ ರೆಡಿಮೇಡೇ ಸಿಗುತ್ತೆ ಅಂತ ಆಮೇಲೆ ಗೊತ್ತಾಯ್ತು. ಅವನಿಗೆ ಇನ್ನೂ ಹೇಳಿಲ್ಲ.

ಯಾರು ತಗೋಬಾರದು ಅಂದ್ರೆ, ಚಿಟ್ಟೆ, ಹೂವು ಮಾತ್ರ ಸಾಕು ಅನ್ನೋರು. ಪ್ಲಸ್ ಎಂಟು ಅವರಿಗೆ ಜಾಸ್ತಿ ಆಗುತ್ತೆ, ಚಿಟ್ಟೆಯ ತಲೆ, ಎದೆಯೇ ಫೋಟೊ ತುಂಬಾ ಬಂದು ರೆಕ್ಕೆ ಆಚೆ ಉಳಿಯುತ್ತೆ. ಅವರಿಗೆ ಇದರ ತಮ್ಮ ಡಿಸಿಆರ್-150 ಸರಿ. ಅದು ಪ್ಲಸ್ 4.8, ಇಪ್ಪತ್ತು ಸೆಂಟಿಮೀಟರ್ ಆಸುಪಾಸು ದೂರದಿಂದಲೇ ತೆಗೀಬಹುದು, ಚಿಟ್ಟೆನೂ ಹಾರಲ್ಲ. ಹುಳವನ್ನ ಫ್ರಿಜ್ಜಲ್ಲಿಟ್ಟು ಮರಗಟ್ಟಿಸಿ ಫೋಟೊ ತೆಗೆಯೋರು ಯಾವುದನ್ನೂ ತಗೋಬೇಡಿ.

ನನಗೆ ಬೇಕಾಗಿದ್ದಕ್ಕೆ ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಅರ್ಧ ಕಿತ್ತಿದ್ದು ಇದರ ಡಬ್ಬಿಗೆ: ಅಡಾಪ್ಟರ್ ಸಮೇತ ಅದರಲ್ಲಿಟ್ಟರೆ ಜೇಬಿಗೆ ಹೋಗಲ್ಲ. ಈಗ ಅದನ್ನ ಹಳೇ ಕನ್ನಡಕದ ಡಬ್ಬಿಯಲ್ಲಿ ಇಡ್ತೀನಿ. ಮೊನ್ನೆ ಗಿರಾಕಿ ಮುಂದೆ ಚಾಳೀಸು ಹಾಕ್ಕೊಳ್ಳೋಕೆ ಅಂತ ಡಬ್ಬಿ ತೆರೆದರೆ ಇದು ಬಂತು. ಅದನ್ನೇ ಕಣ್ಣಿಗೆ ಹಿಡಿದು ಅವರ ಮೋಟರಿನ ಕಾಯಿಲ್ ನೋಡಿದೆ. ಎನಾಮಲ್ ಎಲ್ಲಿ ಸೀಳಿದೆ ಅಂತ ಸ್ಪಷ್ಟವಾಗಿ ಕಾಣ್ತು.